ಯಾವ ವಯಸ್ಸಿಗೆ ಯಾವ ಹಾಲು

ಎದೆಹಾಲು, ಹಸುವಿನ ಹಾಲುಗಳ ವೈಜ್ಞಾನಿಕ ಅಧ್ಯಯನ ಶುರುವಾದದ್ದು ಅಳತೆಯಿಂದ. 1838ರಲ್ಲಿ ಜರ್ಮನಿಯ ಯೋಹಾನ್ ಫ್ರಾಂಟ್ಸ್ ಸೈಮನ್ ಎರಡನ್ನೂ ವಿಶ್ಲೇಷಿಸಿ, ಹಸುವಿನ ಹಾಲಿನಲ್ಲಿ ಪ್ರೋಟೀನು ಹೆಚ್ಚು, ಸಕ್ಕರೆ ಕಡಿಮೆ ಎಂದು ತೋರಿಸಿದರು. ಇಂದಿನ ಲೆಕ್ಕದಲ್ಲಿ 100 ಮಿ.ಲೀ. ಎದೆಹಾಲಿನಲ್ಲಿರುವ ಪ್ರೋಟೀನು ಸುಮಾರು 1 ಗ್ರಾಂ. ಹಸುವಿನ ಹಾಲಿನಲ್ಲಿ 3 ಗ್ರಾಂಗೂ ಹೆಚ್ಚು. ಈ ಅಂತರ ಸರಿದೂಗಿಸಿದರೆ ಸಾಕು ಎಂಬ ನಂಬಿಕೆಯಲ್ಲಿ 1860ರ ದಶಕದಲ್ಲಿ ರಸಾಯನವಿಜ್ಞಾನಿ ಲೀಬಿಗ್, ಉದ್ಯಮಿ ಹೆನ್ರಿ ನೆಸ್ಲೆ ಮೊದಲಾದವರು ಹಾಲಿಗೆ ಧಾನ್ಯದ ಹಿಟ್ಟು ಸೇರಿಸಿದ ಶಿಶು ಆಹಾರ ತಯಾರಿಸಿದರು.

ಆ ನಂಬಿಕೆಯನ್ನು ಅಲುಗಿಸಿದವರು ಮಕ್ಕಳ ಸಾವನ್ನು ಕಣ್ಣಾರೆ ಕಂಡ ವೈದ್ಯರು. ಡಬ್ಬಿಹಾಲನ್ನು ಶಿಶುಗಳಿಗೆಂದು ಮಾರುವುದು ಕೊಲೆಗೆ ಸಮ ಎಂದು ವೈದ್ಯೆ ಸಿಸಿಲಿ ವಿಲಿಯಮ್ಸ್ 1939ರಲ್ಲಿ ಸಿಂಗಪುರದಲ್ಲಿ ನೇರವಾಗಿ ಹೇಳಿದರು.

ಕಾರಣಗಳು ಒಂದೊಂದಾಗಿ ತಿಳಿದದ್ದು ಆಮೇಲೆ. 1961ರಲ್ಲಿ ಸ್ವೀಡನ್ನಿನ ಲಾರ್ಸ್ ಹ್ಯಾನ್ಸನ್, ಎದೆಹಾಲಿನ ಪ್ರತಿಕಾಯಗಳು ರಕ್ತದಲ್ಲಿರುವುದಕ್ಕಿಂತ ಭಿನ್ನವೆಂದು ತೋರಿಸಿದರು. ಅವು ಕೂಸಿನ ಕರುಳಿನ ಒಳಪದರವನ್ನು ಕಾಯುತ್ತವೆ. ಎದೆಹಾಲಿನ ಕೆಲವು ಸಕ್ಕರೆಗಳನ್ನು ಮಗು ಅರಗಿಸಿಕೊಳ್ಳಲಾರದು. ಅವು ಕರುಳಿನ ಬೈಫಿಡೋ ಬ್ಯಾಕ್ಟೀರಿಯಾಗಳಿಗೆ ಆಹಾರ. ಇಂಥವನ್ನು ಡಬ್ಬಿಗೆ ತುಂಬುವುದು ಸುಲಭವಲ್ಲ.

2001ರಲ್ಲಿ ಬೆಲಾರೂಸಿನ ದೊಡ್ಡ ಪ್ರಯೋಗದ ಫಲಿತಾಂಶ ಬಂತು. 17,000ಕ್ಕೂ ಹೆಚ್ಚು ತಾಯಿ-ಮಕ್ಕಳನ್ನು ಒಳಗೊಂಡ ಈ ಅಧ್ಯಯನದಲ್ಲಿ, ಹಾಲೂಡಿಸಲು ತಾಯಂದಿರಿಗೆ ನೆರವಾದ ಆಸ್ಪತ್ರೆಗಳ ಗುಂಪಿನಲ್ಲಿ ಶಿಶುಗಳ ಹೊಟ್ಟೆ-ಕರುಳಿನ ಸೋಂಕು ಶೇ 13.2ರ ಬದಲು ಶೇ 9.1 ಇತ್ತು. ಆದರೆ ಅದೇ ಮಕ್ಕಳು ದೊಡ್ಡವರಾದಾಗ ಬೊಜ್ಜಿನಲ್ಲಿ ಇಳಿಕೆ ಕಾಣಲಿಲ್ಲ. ಎದೆಹಾಲಿನ ಹೆಸರಿನಲ್ಲಿ ಹೇಳುವ ಎಲ್ಲ ಲಾಭಕ್ಕೂ ಒಂದೇ ತೂಕವಿಲ್ಲ. ಸೋಂಕಿನಿಂದ ರಕ್ಷಣೆಯ ಪುರಾವೆ ಮಾತ್ರ ಗಟ್ಟಿ. ವಿಶ್ವ ಆರೋಗ್ಯ ಸಂಸ್ಥೆಯೂ 2001ರಿಂದ ಮೊದಲ ಆರು ತಿಂಗಳು ಎದೆಹಾಲು ಮಾತ್ರ ಸಾಕು ಎನ್ನುತ್ತಿದೆ.

ಹಾಗೆಂದು ಹಸುವಿನ ಹಾಲು ಕೀಳಲ್ಲ. ಒಂದು ವರ್ಷದೊಳಗಿನ ಕೂಸಿಗೆ ಅದೇ ಮುಖ್ಯ ಆಹಾರವಾದರೆ ಕಬ್ಬಿಣದ ಕೊರತೆ ಕಾಡುತ್ತದೆ, ಎಳೆಯ ಮೂತ್ರಪಿಂಡಕ್ಕೆ ಹೊರೆಯಾಗುತ್ತದೆ. ಬೆಳೆಯುವ ಮಕ್ಕಳ ವಿಷಯ ಬೇರೆ: ದಿನಕ್ಕೆ ಹೆಚ್ಚುವರಿ ಹಾಲು ಕುಡಿದ ಶಾಲಾ ಬಾಲಕರು ಎತ್ತರ, ತೂಕ ಎರಡರಲ್ಲೂ ಮುಂದಾದರೆಂದು 1926ರ ಇಂಗ್ಲೆಂಡಿನ ಅಧ್ಯಯನ ತೋರಿಸಿತು. ಶಾಲಾ ಮಕ್ಕಳಿಗೆ ಹಾಲು ಕೊಡಲು 2013ರಲ್ಲಿ ಆರಂಭವಾದ ನಮ್ಮ ಕರ್ನಾಟಕದ ಕ್ಷೀರಭಾಗ್ಯ ಯೋಜನೆ ಈ ತಿಳಿವಳಿಕೆಯ ಹಾದಿಯಲ್ಲೇ ಇದೆ. ಹಾಲು ಒಗ್ಗದ ದೊಡ್ಡವರಿಗೆ ಮೊಸರು, ಮಜ್ಜಿಗೆ ಇವೆ.

ವಿಜ್ಞಾನದ ಉತ್ತರ ಇಷ್ಟು ಸ್ಪಷ್ಟವಿದ್ದರೂ, ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಗುವುದು ಶೇ 42ರಷ್ಟು ಮಕ್ಕಳಿಗೆ ಮಾತ್ರ. ಶಿಶು ಆಹಾರದ ಜಾಹೀರಾತಿಗೆ 1992ರ ಕಾಯ್ದೆ ಕಡಿವಾಣ ಹಾಕಿದೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ 26 ವಾರಗಳ ಹೆರಿಗೆ ರಜೆ ನೀಡಿದೆ. ಆದರೆ ಹೊಲದಲ್ಲಿ, ಕಟ್ಟಡ ಕೆಲಸದಲ್ಲಿ ದುಡಿಯುವ ಬಾಣಂತಿಗೆ ಆ ರಜೆ ಎಟುಕುವುದಿಲ್ಲ. ಆರು ತಿಂಗಳು ಹಾಲೂಡಿಸು ಎಂದು ಆಕೆಗೆ ಹೇಳುವ ನಾವು, ಆ ಆರು ತಿಂಗಳ ಕೂಲಿಯ ಹೊಣೆಯನ್ನೂ ಹೊರಬೇಕು.