ಅಳೆಯದೆ ಬಿಟ್ಟ ಲೆಕ್ಕ



ಬೇಸಾಯಕ್ಕೆ ತಗಲುವ ಶಕ್ತಿಯನ್ನು ಅಳೆಯುವ ಪದ್ಧತಿ ಯಾವಾಗ ಆರಂಭವಾಯಿತೆಂದು ಹಳೆಯ ಶಿಷ್ಯನೊಬ್ಬ ದೂರವಾಣಿಯಲ್ಲಿ ಕೇಳಿದ. ಅಂದು ನಾನು ಕೊಟ್ಟದ್ದು ಅರ್ಧ ಉತ್ತರ. ಉಳಿದರ್ಧದಲ್ಲಿ ನನ್ನದೇ ಒಂದು ತಪ್ಪು ಅಡಗಿದೆ. ಆದ್ದರಿಂದ ಬರೆದೇ ತಿಳಿಸುತ್ತಿದ್ದೇನೆ.

ನನ್ನ ಬಾಲ್ಯದಲ್ಲಿ ನಮ್ಮ ತೋಟದ ಬಾವಿಗೆ ಕಪಿಲೆಯಿತ್ತು. ಜೋಡೆತ್ತುಗಳು ಇಳಿಜಾರಿನಲ್ಲಿ ಇಳಿದಂತೆ ತೊಗಲಿನ ದೊಡ್ಡ ಚೀಲ ಮೇಲೇರಿ ಕಾಲುವೆಗೆ ನೀರು ಸುರಿಯುತ್ತಿತ್ತು. ಎತ್ತುಗಳು ಏದುಸಿರು ಬಿಟ್ಟೊಡನೆ ತಂದೆಯವರು ಕೊರಳು ಬಿಚ್ಚುತ್ತಿದ್ದರು. ಅಂದಿನ ನೀರಾವರಿಗೆ ಎತ್ತುಗಳ ದಣಿವೇ ಮೀಟರು.

ಶಾಸ್ತ್ರೀಯ ಲೆಕ್ಕಕ್ಕೆ ಪ್ರೇರಣೆಯಾದುದು ತೈಲದ ಚಿಂತೆ. 1973ರಲ್ಲಿ ಅಮೆರಿಕದ ಡೇವಿಡ್ ಪಿಮೆಂಟೆಲ್ ಮತ್ತು ಸಂಗಡಿಗರು ಅಲ್ಲಿನ ಮೆಕ್ಕೆಜೋಳದ ಬೇಸಾಯವನ್ನು ಕ್ಯಾಲರಿಗಳಲ್ಲಿ ತೂಗಿನೋಡಿದರು. ಇಂಧನ, ಗೊಬ್ಬರ, ಯಂತ್ರ, ದುಡಿಮೆ ಎಲ್ಲವನ್ನೂ ಕೂಡಿಸಿದಾಗ, 1945ರಲ್ಲಿ ಹೂಡಿದ ಒಂದು ಕ್ಯಾಲರಿಗೆ ಸುಮಾರು 3.7 ಕ್ಯಾಲರಿ ಜೋಳ ದೊರೆತಿದ್ದರೆ, 1970ರಲ್ಲಿ ದೊರೆತದ್ದು 2.8 ಮಾತ್ರ. ಇಳುವರಿ ಎರಡು ಪಟ್ಟು ಮೀರಿ ಬೆಳೆದಿದ್ದರೂ ಹೂಡಿಕೆ ಅದಕ್ಕಿಂತ ವೇಗವಾಗಿ ಬೆಳೆದಿತ್ತು.

ನಮ್ಮಲ್ಲಿಯೂ ಇಂಥ ಕೆಲಸ ತಡವಾಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ಅದರ ವಿಜ್ಞಾನಿಗಳು ಕುಣಿಗಲ್ ತಾಲ್ಲೂಕಿನ ಉಂಗ್ರ, ಪುರ ಮೊದಲಾದ ಹಳ್ಳಿಗಳಲ್ಲಿ ಸೌದೆ, ಎತ್ತು, ಆಳು, ವಿದ್ಯುತ್ತು ಎಲ್ಲವನ್ನೂ ಅಳೆದರು. ಪುರದಲ್ಲಿ 1977ರಲ್ಲಿ ಇದ್ದವರು 357 ಜನ. ಅಲ್ಲಿನ ಮಾನವ ದುಡಿಮೆಯಲ್ಲಿ ಹೆಂಗಸರ ಪಾಲು ಶೇ. 53, ಗಂಡಸರದು ಶೇ. 31, ಮಕ್ಕಳದು ಶೇ. 16 ಎಂದು ತಿಳಿದುಬಂತು. ಅಳೆಯುವವರೆಗೆ ಯಾರ ಕಣ್ಣಿಗೂ ಬೀಳದ ಸತ್ಯವಿದು.

ಆ ಸುದ್ದಿಯನ್ನು ಓದಿದ ಉತ್ಸಾಹ ನನ್ನಲ್ಲಿ ಬಹುಕಾಲ ಉಳಿದಿತ್ತು. 1990ರ ಸುಮಾರಿಗೆ, ಬೇಸಿಗೆ ರಜೆಯಲ್ಲಿ, ನಮ್ಮಣ್ಣನ 5 ಅಶ್ವಶಕ್ತಿಯ ಪಂಪನ್ನು ಅಳೆಯಲು ಹೊರಟೆ. ನೀರು 12 ಮೀಟರ್ ಏರಬೇಕಿತ್ತು. 200 ಲೀಟರಿನ ಡ್ರಮ್ಮು ತುಂಬಲು 21 ಸೆಕೆಂಡು ಹಿಡಿಯಿತು; ಹಳೆಯ ಮೀಟರು ಗಂಟೆಗೆ ನಾಲ್ಕೂವರೆ ಯೂನಿಟ್ ತೋರಿಸಿತು. ಎಂದರೆ ಯೂನಿಟ್ಟಿಗೆ ಸುಮಾರು 7,600 ಲೀಟರು. ನಷ್ಟವೇ ಇಲ್ಲದಿದ್ದರೆ ಒಂದು ಯೂನಿಟ್ಟು ಅಷ್ಟು ಎತ್ತರಕ್ಕೆ 30,600 ಲೀಟರ್ ಎತ್ತಬಲ್ಲುದು. ನಾಲ್ಕರಲ್ಲಿ ಮೂರು ಪಾಲು ವ್ಯರ್ಥ!

ಸವೆದ ಫುಟ್‌ವಾಲ್ವ್ ಬದಲಿಸಿದೆವು. ತುಕ್ಕುಹಿಡಿದ ಕಬ್ಬಿಣದ ಕೊಳವೆಯ ಬದಲು ಅಗಲವಾದ ಪಿ.ವಿ.ಸಿ. ಕೊಳವೆ ಹಾಕಿ, ಅನವಶ್ಯಕ ತಿರುವುಗಳನ್ನು ತೆಗೆಸಿದೆವು. ಡ್ರಮ್ಮು 15 ಸೆಕೆಂಡಿನಲ್ಲಿ ತುಂಬಿತು. ಮೀಟರಿನ ಓಟ ಹೆಚ್ಚುಕಡಿಮೆ ಮೊದಲಿನಷ್ಟೇ. ನಾನು ಹಿಗ್ಗಿಹೋದೆ.

ಆದರೆ ವಿದ್ಯುತ್ತಿಗೆ ಆಗ ಯೂನಿಟ್ ಲೆಕ್ಕದ ದರವಿರಲಿಲ್ಲ. ಅಶ್ವಶಕ್ತಿಗೆ ಇಷ್ಟೆಂದು ಕಟ್ಟಿದರೆ ಮುಗಿಯಿತು. ಅಣ್ಣ ಪಂಪನ್ನು ಬೇಗ ನಿಲ್ಲಿಸಲು ಕಾರಣವೇ ಇರಲಿಲ್ಲ. ಕರೆಂಟ್ ಇದ್ದಷ್ಟು ಹೊತ್ತೂ ಓಡಿಸಿದ. ಹೆಚ್ಚಿದ ನೀರಿಗೆ ರಾಗಿಯ ಹೊಲವನ್ನು ಗದ್ದೆಮಾಡಿ ಭತ್ತ ಹಾಕಿದ. ಸುತ್ತಲಿನವರೂ ಕೊಳವೆಬಾವಿ ಕೊರೆಸುತ್ತಿದ್ದರು. ನಾಲ್ಕನೆಯ ಬೇಸಿಗೆಗೆ ಅಜ್ಜನ ಕಾಲದ ಬಾವಿ ಬತ್ತಿತು. ಅಣ್ಣ ಕೊರೆಸಿದ ಮೊದಲ ಕೊಳವೆಬಾವಿ ವಿಫಲವಾಗಿ, ಸಾಲ ತೀರಿಸಲು ಮಾವಿನ ತೋಪು ಮಾರಬೇಕಾಯಿತು.

"ನಿನ್ನ ಲೆಕ್ಕವೇನೋ ಸರಿಯಾಗೇ ಇತ್ತಪ್ಪ. ಬಾವಿಯನ್ನು ಮಾತ್ರ ನಾವಿಬ್ಬರೂ ಅಳೀಲಿಲ್ಲ" ಎಂದನೇ ಹೊರತು ಅಣ್ಣ ನನ್ನನ್ನು ದೂರಲಿಲ್ಲ. ದೂರಿದ್ದರೆ ಹಗುರವಾಗುತ್ತಿತ್ತು.

ಯೂನಿಟ್ಟಿಗೆ ಎಷ್ಟು ನೀರೆಂಬುದು ಪಂಪಿನ ದಕ್ಷತೆ. ಯೂನಿಟ್ಟಿಗೆ ಎಷ್ಟು ಧಾನ್ಯವೆಂಬುದು ಬೇಸಾಯದ ದಕ್ಷತೆ. ಮೊದಲನೆಯದು ಏರಿದಾಗಲೂ ಎರಡನೆಯದು ಇಳಿಯಬಹುದೆಂಬುದನ್ನು ನಾನು ಕಲಿತದ್ದು ಹೀಗೆ. ನೀರು ಆಳಕ್ಕೆ ಇಳಿದಷ್ಟೂ ಅದೇ ಲೀಟರಿಗೆ ಹೆಚ್ಚು ವಿದ್ಯುತ್ತು ಬೇಕು. 2008ರಿಂದ ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ಪಂಪುಗಳಿಗೆ ವಿದ್ಯುತ್ತು ಉಚಿತ. ರೈತನಿಗೆ ಅದರಿಂದ ಆಸರೆಯೂ ಆಯಿತು, ಅಳೆಯುವ ಅಭ್ಯಾಸವೂ ತಪ್ಪಿತು.

ಊರಿನಲ್ಲಿ ಜಮೀನು ಉಳಿಸಿಕೊಂಡಿರುವ ಶಿಷ್ಯರಿಗೆ ನನ್ನ ಕೋರಿಕೆ ಇಷ್ಟೆ. ಡ್ರಮ್ಮು ತುಂಬುವ ಸಮಯ, ಮೀಟರಿನ ಅಂಕಿ, ಬಾವಿಯ ನೀರಿನ ಮಟ್ಟ, ಕಣಕ್ಕೆ ಬಂದ ಧಾನ್ಯದ ತೂಕ — ಈ ನಾಲ್ಕನ್ನೂ ಒಂದೇ ಪುಸ್ತಕದಲ್ಲಿ ಬರೆದಿಡಿ. ನಾನು ಬರೆದದ್ದು ಮೊದಲಿನ ಎರಡನ್ನು ಮಾತ್ರ.