ಕಸುಬು ಲೋಕದ ಮುಂದೆ ಬಂದ ಬಗೆ: ರಾಮನಗರ ಸೀಮೆಯ ಒಂದು ಸಮೀಕ್ಷೆ

ತಾನು ಮಾಡಿದ ಕೆಲಸವು ನಾಲ್ಕು ಜನಕ್ಕೆ ತಿಳಿಯಬೇಕೆಂಬ ಅಪೇಕ್ಷೆಯು ಮನುಷ್ಯನಿಗೆ ಸಹಜವಾದುದು. ಆದರೆ ಆ ಕೆಲಸವನ್ನು ಯಾರ ಹೆಸರಿನಲ್ಲಿ, ಯಾವ ಮುಖದಿಂದ ಲೋಕಕ್ಕೆ ತೋರಿಸಲಾಯಿತೆಂಬುದನ್ನು ವಿಚಾರಿಸುತ್ತ ಹೋದರೆ ಒಂದು ಸೀಮೆಯ ಚರಿತ್ರೆಯೇ ತೆರೆದುಕೊಳ್ಳುತ್ತದೆ. ಮಾಗಡಿ, ಚನ್ನಪಟ್ಟಣ, ಕನಕಪುರ, ರಾಮನಗರ ತಾಲ್ಲೂಕುಗಳ ಶಿಲಾಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದರು. ಕೆರೆ ಕಟ್ಟಿಸಿದ ಪ್ರಭುವಿನ, ದೇವರಿಗೆ ಭೂಮಿ ಬಿಟ್ಟ ಗೌಡನ ಹೆಸರು ಇಂಥ ಕಲ್ಲುಗಳಲ್ಲಿ ಬಿರುದಾವಳಿಸಮೇತ ನಿಂತಿರುತ್ತದೆ. ಅಕ್ಷರ ಕಂಡರಿಸಿದವನ ಹೆಸರು ಎಲ್ಲೋ ಒಮ್ಮೊಮ್ಮೆ ಕಡೆಯ ಸಾಲಿನಲ್ಲಿ ಸಿಕ್ಕುವುದುಂಟು. ಮಣ್ಣು ಹೊತ್ತು ಏರಿ ಹಾಕಿದವರ ಹೆಸರು ಸಿಕ್ಕುವುದು ಅದಕ್ಕಿಂತಲೂ ದುರ್ಲಭ. ಮಾಡಿಸಿದವನು ಪ್ರಕಟನಾಗಿ ಮಾಡಿದವನು ಮರೆಯಾಗುವ ಈ ಕ್ರಮವು, ಮುಂದೆ ಕಲ್ಲು ಹೋಗಿ ಕಾಗದ ಬಂದ ಮೇಲೂ ಬಹುಕಾಲ ಬದಲಾಗಲಿಲ್ಲ.

ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಅಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಕಂಪನಿ ಸರ್ಕಾರದ ಆಜ್ಞೆಯಂತೆ ಈ ಸೀಮೆಯನ್ನು ಹಾದುಹೋದನು. 1807ರಲ್ಲಿ ಅಚ್ಚಾದ ಅವನ ಪ್ರವಾಸಕಥನದಲ್ಲಿಯೂ, ಆ ಬಳಿಕ ಬಂದ ಗೆಝೆಟಿಯರುಗಳಲ್ಲಿಯೂ, ಚನ್ನಪಟ್ಟಣದ ಮಾತು ಬಂದಾಗ ಅಲ್ಲಿನ ಕಸುಬುಗಳ ಮಾತೂ ಬರುತ್ತದೆ. ವಾದ್ಯಗಳಿಗೆ ಬಿಗಿಯುವ ಸೂಕ್ಷ್ಮವಾದ ಉಕ್ಕಿನ ತಂತಿ, ಗಾಜಿನ ಬಳೆ, ಅರಗಿನ ಬಣ್ಣದ ಮರದ ಸಾಮಾನು, ಇವು ಆ ಊರಿನ ಖ್ಯಾತಿಗೆ ಕಾರಣವಾಗಿದ್ದವು. ತಂತಿಯ ಕೀರ್ತಿ ಇಂದು ಅಡಗಿದೆ. ಯಾರ ಕೈ ಅದನ್ನು ಎಳೆಯುತ್ತಿತ್ತೆಂಬುದನ್ನು ಆಡಳಿತದ ಉಪಯೋಗಕ್ಕಾಗಿ ಬರೆದ ಆ ವರದಿಗಳು ಉಳಿಸಲಿಲ್ಲ. ತಂತಿಯ ನಾದವು ದೂರ ಹೋದರೂ ಅದನ್ನು ಸಾಧ್ಯಗೊಳಿಸಿದವನ ಹೆಸರು ಊರಗಡಿಯನ್ನು ದಾಟಲಿಲ್ಲವೆಂಬುದು ನನಗೆ ಇಂದಿಗೂ ವ್ಯಥೆಯ ವಿಷಯ.

1851ರ ಲಂಡನ್ನಿನ ಮಹಾಪ್ರದರ್ಶನದಿಂದ ಆರಂಭವಾಗಿ ಜಗತ್ತಿನಲ್ಲೆಲ್ಲ ಹಬ್ಬಿದ ಪ್ರದರ್ಶನದ ಉತ್ಸಾಹವು 1880ರ ದಶಕದಲ್ಲಿ ದಸರಾ ವಸ್ತುಪ್ರದರ್ಶನವಾಗಿ ಮೈಸೂರಿನಲ್ಲಿ ಬೇರೂರಿತು. 1889ರಲ್ಲಿ ಅಡಿಗಲ್ಲು ಕಂಡ ಲಾಲ್‌ಬಾಗಿನ ಗಾಜಿನ ಮನೆಯೂ ಅದೇ ಉತ್ಸಾಹದ ಕೂಸು. ಇಂಥ ಪ್ರದರ್ಶನಗಳಲ್ಲಿ ಕಾಣಿಸಿಕೊಂಡ ಬೊಂಬೆಗಳ ಊರಾದ ಚನ್ನಪಟ್ಟಣದಲ್ಲಿ ಬಾವಾಸ್ ಮಿಯಾ ಎಂಬ ಕುಶಲಿಯು ಜಪಾನಿನ ಅರಗಿನ ಕೆಲಸದ ರೀತಿಯನ್ನು ಅಭ್ಯಾಸಮಾಡಿ ಬಂದು ತನ್ನ ಊರಿನವರಿಗೆ ಕಲಿಸಿದನೆಂದು ಪ್ರತೀತಿ. ಈ ಕಸುಬಿನವರು ಅವನನ್ನು ಪಿತೃಸ್ಥಾನದಲ್ಲಿಟ್ಟು ನೆನೆಯುತ್ತಾರೆ. ಆಲೆಮರದ ತುಂಡನ್ನು ತಿರುಗಣೆಗೆ ಕಚ್ಚಿಸಿ, ಉಳಿಯಿಂದ ಆಕಾರ ತೆಗೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿದರೆ, ಉಜ್ಜುವಿಕೆಯ ಕಾವಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಆ ಬಳಿಕ ಗರಿಯಿಂದ ಉಜ್ಜಿದರೆ ಹೊಳಪು ಏಳುತ್ತದೆ. ಪ್ರದರ್ಶನದ ಮೇಜಿನ ಮೇಲೆ ಇದರ ಪೈಕಿ ಕಾಣುತ್ತಿದ್ದುದು ಹೊಳಪು ಒಂದೇ. ಬೊಂಬೆಯ ಪಕ್ಕದ ಚೀಟಿಯಲ್ಲಿ ‘ಚನ್ನಪಟ್ಟಣ’ ಎಂದಿದ್ದರೆ ಸಾಕಾಗಿತ್ತು; ಊರೇ ಕರ್ತೃವಾಗಿ ನಿಂತಿತು.

ಸ್ವಾತಂತ್ರ್ಯಾನಂತರ ಈ ಕೊರತೆಯನ್ನು ಕಂಡವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಅಗ್ರಗಣ್ಯರು. 1952ರಲ್ಲಿ ಏರ್ಪಟ್ಟ ಅಖಿಲ ಭಾರತ ಕರಕುಶಲ ಮಂಡಲಿಯನ್ನು ಅವರು ಮುನ್ನಡೆಸಿದರು. 1965ರಿಂದ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿ ಬಂದು, ವ್ಯಕ್ತಿಯ ಹೆಸರು ವಸ್ತುವಿನ ಜೊತೆಗೆ ಅಚ್ಚಾಗತೊಡಗಿತು. ಇತ್ತ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮವು ‘ಕಾವೇರಿ’ ಮಳಿಗೆಗಳನ್ನು ತೆರೆದು ಬೊಂಬೆಗಳಿಗೆ ನಗರದ ಬಾಗಿಲನ್ನು ಒದಗಿಸಿತು. 2005–06ರ ಸಾಲಿನಲ್ಲಿ ‘ಚನ್ನಪಟ್ಟಣದ ಆಟಿಕೆ ಮತ್ತು ಬೊಂಬೆ’ಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತುದು ದೊಡ್ಡ ರಕ್ಷಣೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಕಾನೂನಿನಲ್ಲಿ ನೋಂದಾಯಿತವಾಗುವುದು ಊರಿನ ಹೆಸರು. ಕಸುಬುದಾರನು ತಾನೇ ಬೇರೆ ಅರ್ಜಿ ಹಾಕಿಕೊಂಡು ‘ಅಧಿಕೃತ ಬಳಕೆದಾರ’ನೆನಿಸಬೇಕು. ಮಳಿಗೆಯಲ್ಲಿ ಬೊಂಬೆ ಕೊಳ್ಳುವವನಿಗೆ ಆ ಬಳಕೆದಾರರ ಪಟ್ಟಿ ಕಣ್ಣಿಗೆ ಬೀಳುವುದಿಲ್ಲ.

ಈ ಇಡೀ ಚರಿತ್ರೆಯಲ್ಲಿ ಹೊಸ ದಾರಿಯನ್ನು ತೆರೆದುದು ನನ್ನ ಮಟ್ಟಿಗೆ ಜಾನಪದ ಲೋಕವೇ ಸರಿ. ನಾಗಮಂಗಲ ಸೀಮೆಯ ಒಕ್ಕಲು ಮನೆತನದಲ್ಲಿ 1915ರಲ್ಲಿ ಹುಟ್ಟಿ, ಐ.ಎ.ಎಸ್. ಅಧಿಕಾರಿಯಾಗಿ ನಾಡನ್ನು ಸುತ್ತಿ, ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳ ಮೂಲಕ ಪರದೇಶೀಯರು ಈ ದೇಶವನ್ನು ಬಣ್ಣಿಸಿದ ಬಗೆಯನ್ನು ಕನ್ನಡಕ್ಕೆ ತಂದ ಎಚ್. ಎಲ್. ನಾಗೇಗೌಡರು, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ತಮ್ಮ ಸ್ವಂತ ಧನವನ್ನೂ ತೊಡಗಿಸಿ, ರಾಮನಗರ-ಚನ್ನಪಟ್ಟಣಗಳ ನಡುವೆ ಹೆದ್ದಾರಿಯ ಮಗ್ಗುಲಿನ ಹದಿನೈದು ಎಕರೆಯಲ್ಲಿ ಕಟ್ಟಿದ ಈ ಸಂಸ್ಥೆಯು 1994ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಹೊರಗಿನ ಪ್ರವಾಸಿಯು ನಮ್ಮನ್ನು ಕಂಡ ಬಗೆಯನ್ನು ಅಷ್ಟು ಶ್ರದ್ಧೆಯಿಂದ ಓದಿದವರೇ, ನಮ್ಮ ಜನ ತಮ್ಮನ್ನು ತಾವೇ ತೋರಿಸಿಕೊಳ್ಳುವ ಸ್ಥಳವನ್ನೂ ಕಟ್ಟಿದರೆಂಬುದು ಆಕಸ್ಮಿಕವೆಂದು ನಾನು ನಂಬಲಾರೆ. ಲೋಕಮಾತಾ ಮಂದಿರದಲ್ಲಿ ಬೀಸುವ ಕಲ್ಲು, ಸೇರು, ಪಾವುಗಳು, ಲೋಕಮಹಲಿನಲ್ಲಿ ತೊಗಲುಬೊಂಬೆ, ಮುಖವಾಡ, ವೇಷಭೂಷಣಗಳು, ಶಿಲ್ಪಮಾಳದಲ್ಲಿ ವೀರಗಲ್ಲುಗಳು, ಆಯಗಾರರ ಮಾಳದಲ್ಲಿ ಗಾಣವೂ ಕುಂಬಾರನ ತಿಗರಿಯೂ. ವಸ್ತುವನ್ನು ಅದರ ಉಪಯೋಗದಿಂದ ಕಿತ್ತು ತೋರಿಸದೆ, ಯಾವ ಕೈ, ಯಾವ ಕೆಲಸಕ್ಕೆ ಎಂಬುದನ್ನು ಜೊತೆಯಲ್ಲಿಯೇ ಇಟ್ಟುದು ಇಲ್ಲಿನ ವೈಶಿಷ್ಟ್ಯ. ಹಾಡಿದವರ ಕಂಠವನ್ನು ಧ್ವನಿಮುದ್ರಿಸಿಕೊಂಡದ್ದೂ, ಲೋಕೋತ್ಸವದಲ್ಲಿ ಕಲಾವಿದರನ್ನೇ ಬಯಲು ರಂಗಕ್ಕೆ ಕರೆದು ಸನ್ಮಾನಿಸಿದುದೂ ಇದೇ ಧೋರಣೆಯ ಮುಂದುವರಿಕೆ. 2005ರಲ್ಲಿ ಗತಿಸಿದ ಗೌಡರು ಬಿಟ್ಟುಹೋದ ಪಾಠವನ್ನು ಕರಕುಶಲದ ಮಳಿಗೆಗಳು ಇನ್ನೂ ಪೂರ್ತಿಯಾಗಿ ಕಲಿತಿಲ್ಲ.

ಇದಕ್ಕೆ ಹೋಲಿಸಿದರೆ ರಾಮನಗರದ ಗೂಡಿನ ಮಾರುಕಟ್ಟೆಯು ಅಲಂಕಾರವನ್ನೇ ಅರಿಯದು. ಕನಕಪುರ, ಮಾಗಡಿಗಳ ಹಳ್ಳಿಗಳಿಂದ ರೈತನು ಹೊತ್ತು ತಂದ ರೇಷ್ಮೆಗೂಡು ಜಾಲರಿಗೆ ಸುರಿದ ಕ್ಷಣದಿಂದ ತನ್ನ ಯೋಗ್ಯತೆಯನ್ನು ತಾನೇ ಹೇಳಬೇಕು. ಗೂಡಿನಿಂದ ನೂಲು ತೆಗೆಯುವ ರೀಲರು ಒಂದು ಹಿಡಿ ಎತ್ತಿ, ಅಮುಕಿ, ಕಿವಿಯ ಬಳಿ ಅಲುಗಿಸಿ ಒಳಗಿನ ಕೋಶ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸುತ್ತಾನೆ. ಗೂಡು ಮಿಶ್ರತಳಿಯೋ ದ್ವಿತಳಿಯೋ ಎಂಬುದು ಬಣ್ಣದಿಂದಲೇ ತಿಳಿಯುತ್ತದೆ. ಮನೆಬಾಗಿಲಲ್ಲಿ ದಲ್ಲಾಳಿಗೆ ಮಾರುವುದನ್ನು ತಡೆದು, ಸರ್ಕಾರಿ ಮಾರುಕಟ್ಟೆಯ ಬಹಿರಂಗ ಹರಾಜಿಗೆ ಗೂಡನ್ನು ತಂದುದು 1959ರ ಕಾಯಿದೆ. ಕೂಗಿ ಹರಾಜು ಮಾಡುತ್ತಿದ್ದ ಕಾಲ ಹೋಗಿ ಈಗ ಮೊಬೈಲಿನಲ್ಲಿಯೇ ಬೆಲೆ ಏರುತ್ತದೆ. ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಅಧಿಕಾರ ರೈತನಿಗಿದೆ. ಲಾಟಿಗೊಂದು ಸಂಖ್ಯೆ, ಸಂಖ್ಯೆಗೊಬ್ಬ ರೈತ: ಮಾಡಿದವನ ಹೆಸರು ಮಾಲಿನಿಂದ ಬೇರ್ಪಡದ ಸ್ಥಳ ಈ ಸೀಮೆಯಲ್ಲಿ ಇದೇ. ಆದರೆ ಗೂಡು ನೂಲಾಗಿ, ಸೀರೆಯಾಗಿ ಮಳಿಗೆಯ ಗಾಜಿನ ಹಿಂದೆ ನಿಂತಾಗ ಆ ಹೆಸರೂ ಅಳಿಸಿಹೋಗುತ್ತದೆ.

ಇತ್ತೀಚಿನ ಸಂಗತಿಗಳು ತ್ವರೆಯಿಂದ ನಡೆದಿವೆ. 2015ರ ಗಣರಾಜ್ಯೋತ್ಸವದಲ್ಲಿ ಚನ್ನಪಟ್ಟಣದ ಬೊಂಬೆಗಳು ಕರ್ನಾಟಕದ ಸ್ತಬ್ಧಚಿತ್ರವಾಗಿ ದೆಹಲಿಯ ರಾಜಪಥದಲ್ಲಿ ಸಾಗಿದವು. 2020ರ ಆಗಸ್ಟಿನಲ್ಲಿ ಪ್ರಧಾನಿಯವರ ಆಕಾಶವಾಣಿ ಭಾಷಣದಲ್ಲಿ ಊರಿನ ಹೆಸರು ಕೇಳಿಬಂದಿತು. ಆಟಿಕೆಗಳ ಗುಣಮಟ್ಟದ ಆದೇಶವು 2021ರಲ್ಲಿ ಜಾರಿಗೆ ಬಂದಾಗ ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ದೊರೆಯಿತು. ಇವೆಲ್ಲ ಗೌರವಗಳೇ. ಆದರೆ ಊರಿನ ನಿಜವಾದ ಪ್ರದರ್ಶನಶಾಲೆಯಾಗಿದ್ದುದು ಬೆಂಗಳೂರು-ಮೈಸೂರು ರಸ್ತೆಯ ಇಕ್ಕೆಲದ ಬೊಂಬೆಯಂಗಡಿಗಳ ಸಾಲು. ಅಲ್ಲಿ ಮೈಸೂರಿಗೆ ಹೊರಟವನು ಕಾರು ನಿಲ್ಲಿಸಿ, ಮಗುವಿನ ಕೈಗೆ ಬುಗುರಿ ಕೊಟ್ಟು, ಅದನ್ನು ಮಾಡಿದವರು ಯಾರೆಂದು ಕೇಳಲು ಆಸ್ಪದವಿತ್ತು. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯು ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೊರಗಿನಿಂದಲೇ ಹಾದುಹೋಗುತ್ತದೆ. ಅಂಗಡಿಗಳ ವ್ಯಾಪಾರ ಕುಗ್ಗಿತು, ಜಾನಪದ ಲೋಕದ ಬಾಗಿಲೂ ಹಳೆಯ ರಸ್ತೆಯ ಮಗ್ಗುಲಿಗೇ ಉಳಿಯಿತು. ಹೊಸ ರಸ್ತೆಯಿಂದ ಇಳಿದು ಬರುವವರಿಗಾಗಿ ತಿರುಗಣೆಯ ಸದ್ದು ಕೇಳುವಂತಹ ಒಂದು ತಾಣವನ್ನು, ಅಧಿಕೃತ ಬಳಕೆದಾರರ ಹೆಸರುಗಳನ್ನು ಗೋಡೆಯ ಮೇಲೆ ಬರೆಸಿ, ಸರ್ಕಾರವೂ ಪರಿಷತ್ತೂ ಕೂಡಿ ಕಟ್ಟಿಸಲೇಬೇಕು; ಅದಕ್ಕೆ ಬೇಕಾದ ಕೈಗಳು ಚನ್ನಪಟ್ಟಣದ ಕೇರಿಗಳಲ್ಲಿ ಇನ್ನೂ ಕೆಲಸ ಮಾಡುತ್ತಲೇ ಇವೆ.