ಸೌಭ ಮತ್ತು ದ್ವಾರಕೆಯ ರಕ್ಷಣೆ

ಸೌಭವು ಮಹಾಭಾರತದ ವನಪರ್ವದಲ್ಲಿ ಬರುವ ಆಕಾಶನಗರ. ಬೇಕೆಂದ ಕಡೆಗೆ ಹಾರಬಲ್ಲದ್ದು. ಮಾರ್ತಿಕಾವತದ ದೊರೆ ಸಾಲ್ವ ಅದನ್ನೇರಿ ಬಂದು ದ್ವಾರಕೆಗೆ ಮುತ್ತಿಗೆ ಹಾಕಿದ ಕಥೆಯನ್ನು ಕೃಷ್ಣನೇ ಕಾಡಿನಲ್ಲಿ ಯುಧಿಷ್ಠಿರನಿಗೆ ಹೇಳುತ್ತಾನೆ. ಪಾಂಡವರು ರಾಜ್ಯ ಕಳೆದುಕೊಂಡ ಜೂಜಿನ ಹೊತ್ತಿಗೆ ತಾನು ಹಸ್ತಿನಾಪುರಕ್ಕೆ ಏಕೆ ಬರಲಾಗಲಿಲ್ಲ ಎಂಬುದಕ್ಕೆ ಅವನು ಕೊಡುವ ಕಾರಣ ಈ ಯುದ್ಧ.

ಯುಧಿಷ್ಠಿರನ ರಾಜಸೂಯ ಯಾಗದಲ್ಲಿ ಶಿಶುಪಾಲ ಕೃಷ್ಣನ ಕೈಯಲ್ಲಿ ಸತ್ತ ಸುದ್ದಿ ಕೇಳಿ ಸಾಲ್ವ ಸೇಡಿಗೆ ಹೊರಟ. ಆಗ ಕೃಷ್ಣ ಇನ್ನೂ ಇಂದ್ರಪ್ರಸ್ಥದಲ್ಲಿದ್ದ. ಊರನ್ನು ಕಾಯುವ ಹೊಣೆ ಉಗ್ರಸೇನ, ಉದ್ಧವ, ಗದ, ಸಾಂಬ ಮೊದಲಾದವರ ಮೇಲೆ ಬಿತ್ತು.

ಅವರು ಮಾಡಿದ ಸಿದ್ಧತೆಯ ವರ್ಣನೆ ಈ ಕಥೆಯ ಬಹು ಬೆಲೆಬಾಳುವ ಭಾಗ. ಕಾಲುಸೇತುವೆಗಳನ್ನು ಮುರಿದರು, ದೋಣಿಗಳನ್ನು ತಡೆದರು. ಕಂದಕದ ತುಂಬ ಗೂಟಗಳನ್ನು ನೆಟ್ಟರು. ಊರಿನ ಸುತ್ತ ಒಂದು ಕ್ರೋಶದಷ್ಟು ನೆಲವನ್ನು ಹಳ್ಳದಿಣ್ಣೆ ಮಾಡಿದರು. ಕೊತ್ತಲಗಳ ಮೇಲೆ ಶತಘ್ನಿ, ಭುಶುಂಡಿ ಎಂಬ ಆಯುಧಗಳು, ಕಲ್ಲುಗುಂಡು, ಕೊಳ್ಳಿಗಳು ಸಿದ್ಧವಾದವು. ಮುದ್ರೆಯಿಲ್ಲದೆ ಯಾರೂ ಒಳಗೆ ಬರುವಂತಿಲ್ಲ, ಹೊರಗೆ ಹೋಗುವಂತಿಲ್ಲ. ಮೈಮರೆತವರ ಮೇಲೆ ಸಾಲ್ವ ಎರಗಿಯಾನೆಂಬ ಭಯದಿಂದ ಹೆಂಡ ಕುಡಿಯಬಾರದೆಂದು ಡಂಗುರ ಸಾರಿಸಿದರು. ನಟರು, ನರ್ತಕರು, ಗಾಯಕರನ್ನು ಊರಾಚೆಗೆ ಕಳಿಸಿದರು. ಇವೆಲ್ಲಕ್ಕಿಂತ ಸೈನಿಕರ ಬಗೆಗಿನ ಮಾತು ನನಗೆ ದೊಡ್ಡದಾಗಿ ಕಾಣುತ್ತದೆ: ಒಬ್ಬನಿಗೂ ಸಂಬಳ ಬಾಕಿಯಿರಲಿಲ್ಲ, ಕೀಳು ಲೋಹದಲ್ಲಿ ಕೂಲಿ ಕೊಟ್ಟಿರಲಿಲ್ಲ, ದಾಕ್ಷಿಣ್ಯಕ್ಕೆ ಸೇರಿಸಿಕೊಂಡವರು ಇರಲಿಲ್ಲ, ಪರಾಕ್ರಮ ಪರೀಕ್ಷೆಯಾಗದವರೂ ಇರಲಿಲ್ಲ. ಯುದ್ಧ ಕಂಡವರಿಗಲ್ಲದೆ ಇಂಥ ವಿವರ ಹೊಳೆಯುವುದು ಕಷ್ಟ.

ಆದರೆ ಈ ಏರ್ಪಾಡಿನಲ್ಲಿ ಹೆಚ್ಚಿನದು ನೆಲದ ಶತ್ರುವಿಗೆ ತಕ್ಕದ್ದು. ಸಾಲ್ವನಿಗೆ ನೆಲದ ಸೇನೆಯೂ ಇತ್ತು. ಅದು ಮಸಣ, ದೇಗುಲ, ಹುತ್ತಗಳನ್ನು ಬಿಟ್ಟು ಬಯಲಿನಲ್ಲಿ ಬೀಡುಬಿಟ್ಟಿತ್ತು. ಮೇಲಿನಿಂದ ಸೌಭ ಕವಿದಾಗ ಕಂದಕಕ್ಕೂ ಗೂಟಕ್ಕೂ ಕೆಲಸವಿಲ್ಲ. ಕೃಷ್ಣನ ಮಕ್ಕಳಾದ ಸಾಂಬ, ಚಾರುದೇಷ್ಣ, ಪ್ರದ್ಯುಮ್ನರು ಗೋಡೆಯ ಮರೆ ಬಿಟ್ಟು ಹೊರಗೆ ಬಂದು ಕಾದಾಡಿದರು. ಪ್ರದ್ಯುಮ್ನ ಮೂರ್ಛೆ ಹೋದಾಗ ಸಾರಥಿ ರಥವನ್ನು ಹಿಂದಕ್ಕೆ ಹೊಡೆದ. ಎಚ್ಚರವಾದೊಡನೆ ಅವನನ್ನು ಗದರಿಸಿ, ಮತ್ತೆ ಮರಳಿ ಪ್ರದ್ಯುಮ್ನ ಸಾಲ್ವನನ್ನು ಹಿಮ್ಮೆಟ್ಟಿಸಿದ. ಊರು ಉಳಿಯಿತು, ಉಪವನಗಳು ಹಾಳಾದವು.

ಹಿಂತಿರುಗಿದ ಕೃಷ್ಣ ಸಾಲ್ವನನ್ನು ಬೆನ್ನಟ್ಟಿ ಸಮುದ್ರದವರೆಗೆ ಹೋದ. ಸೌಭ ಒಂದು ಕ್ರೋಶದಷ್ಟು ಎತ್ತರದಲ್ಲಿ ನಿಂತಿದ್ದರಿಂದ ಕೃಷ್ಣನ ಸೈನಿಕರ ಕೈಗೆ ಎಟುಕಲಿಲ್ಲ. ರಂಗದ ಮುಂದಿನ ಪ್ರೇಕ್ಷಕರಂತೆ ಅವರು ಕೂಗಿ ಚಪ್ಪಾಳೆ ತಟ್ಟಿ ಹುರಿದುಂಬಿಸಿದರಷ್ಟೆ. ಮೇಲಿಂದ ಸುರಿದ ಬಂಡೆಗಳಡಿ ಕೃಷ್ಣ ಹುತ್ತ ಬೆಳೆದಂತೆ ಹೂತುಹೋದ. ವಜ್ರಾಸ್ತ್ರದಿಂದ ಅವನ್ನು ಒಡೆದು ಹೊರಬಂದ. ಸಾಲ್ವನ ಕಡೆಯ ಕಾಣದ ದಾನವರನ್ನು ಸದ್ದು ಹಿಡಿದು ಹೊಡೆಯುವ ಬಾಣಗಳಿಂದ ಕೊಂದ. ತಂದೆ ವಸುದೇವ ಸತ್ತು ಬೀಳುವಂಥ ಮಾಯೆಯನ್ನು ಕಂಡು ಅವನೂ ಕೆಲಹೊತ್ತು ಕಂಗೆಟ್ಟ. ಕೊನೆಗೆ ಸುದರ್ಶನ ಚಕ್ರ, ಗರಗಸ ಮರವನ್ನು ಸೀಳುವಂತೆ, ಸೌಭವನ್ನು ಎರಡಾಗಿ ಸೀಳಿತು.

ಭಾಗವತದ 10ನೇ ಸ್ಕಂಧದಲ್ಲಿ (76, 77ನೇ ಅಧ್ಯಾಯಗಳು) ಕಥೆ ಬೇರೆ ರೂಪ ತಾಳುತ್ತದೆ. ಅಲ್ಲಿ ಸಾಲ್ವ ದಿನಕ್ಕೊಂದು ಹಿಡಿ ಮಣ್ಣು ತಿಂದು ಒಂದು ವರ್ಷ ಶಿವನನ್ನು ಒಲಿಸುತ್ತಾನೆ. ಶಿವನ ಅಪ್ಪಣೆಯಂತೆ ದಾನವಶಿಲ್ಪಿ ಮಯ ಕಬ್ಬಿಣದ ಸೌಭವನ್ನು ಕಟ್ಟಿಕೊಡುತ್ತಾನೆ. ಅದು ಒಮ್ಮೆ ಕಾಣುತ್ತದೆ, ಒಮ್ಮೆ ಕಾಣದು. ಕಲ್ಲು, ಮರ, ಸಿಡಿಲು, ಹಾವು, ಆಲಿಕಲ್ಲು ಸುರಿಸುತ್ತದೆ. ಯುದ್ಧ 27 ದಿನ ನಡೆಯುತ್ತದೆ. ಇಲ್ಲಿ ಸೌಭವನ್ನು ಪುಡಿಮಾಡುವುದು ಚಕ್ರವಲ್ಲ, ಗದೆ.

ಬಾನಿನ ಭಯ ಕವಿಗಳ ಕಲ್ಪನೆಗೇ ಮುಗಿಯಲಿಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಓಲೆಗರಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕೋಟೆ ಹಿಡಿಯುವ ಉಪಾಯಗಳ ನಡುವೆ ಇದೂ ಒಂದು: ಕೋಟೆಯೊಳಗೆ ಗೂಡು ಕಟ್ಟಿದ ಗಿಡುಗ, ಕಾಗೆ, ಗಿಳಿ, ಗೂಬೆ, ಪಾರಿವಾಳಗಳನ್ನು ಹಿಡಿದು, ಬಾಲಕ್ಕೆ ಬೆಂಕಿಯ ಮದ್ದು ಕಟ್ಟಿ ಹಾರಿಬಿಡುವುದು. ಹಕ್ಕಿ ತನ್ನ ಗೂಡಿಗೇ ಬೆಂಕಿ ಒಯ್ಯುತ್ತದೆ. ಬೆಂಕಿ ಹೇಗೇ ಬರಲಿ, ಅದಕ್ಕೆ ಕಾವಲು ಅದೇ ಗ್ರಂಥದ ನಗರಾಡಳಿತದ ಅಧ್ಯಾಯದಲ್ಲಿದೆ: ಹುಲ್ಲುಮಾಡು ತೆಗೆಸಬೇಕು, ಮನೆಮನೆಯಲ್ಲೂ ನೀರಿನ ಕೊಡ, ಏಣಿ, ಕೊಡಲಿ, ಕೊಕ್ಕೆ, ತೊಗಲಿನ ಚೀಲ ಇರಬೇಕು, ಬೀದಿಗಳಲ್ಲಿ, ಚೌಕಗಳಲ್ಲಿ, ಬಾಗಿಲುಗಳ ಬಳಿ ಸಾವಿರ ಕೊಡ ನೀರು ಸಾಲಾಗಿ ಇಟ್ಟಿರಬೇಕು.